ಎರಡನೇ ಕೂಗು

ಹೊನ್ನಾವರದ ಕಾಲೇಜಿನ ಸಭಾಭವನದಲ್ಲಿ ಆ ಮಧ್ಯಾಹ್ನ ಮಕ್ಕಳನ್ನು ಹಂಚುತ್ತಿದ್ದರು.

ಗಾಬರಿಯಾಗುವಂಥದ್ದೇನಲ್ಲ. ಹಲವು ದೇಶಗಳ ಹುಡುಗ ಹುಡುಗಿಯರ ತಂಡವೊಂದು ಊರೂರು ಸುತ್ತುತ್ತ ಈ ಕಡೆಗೆ ಬಂದಿತ್ತು. ಹಗಲು ಊರಿನ ಸೇವೆ, ಸಂಜೆ ಹಾಡು, ಕುಣಿತ, ನಗೆಯಾಟ. ಹೋದಲ್ಲಿ ಲಾಡ್ಜು ಹಿಡಿಯುವ ಕ್ರಮ ಅವರಲ್ಲಿಲ್ಲ. ಊರಿನ ಮನೆಗಳೇ ಒಬ್ಬೊಬ್ಬರನ್ನು ಕರೆದೊಯ್ದು ವಾರದ ಮಟ್ಟಿಗೆ ಮಗನನ್ನಾಗಿಯೋ ಮಗಳನ್ನಾಗಿಯೋ ಇಟ್ಟುಕೊಳ್ಳಬೇಕು. ಅಂಥ ಮನೆಯ ತಾಯಿಗೆ ತಂಡದ ಭಾಷೆಯಲ್ಲಿ ಹೋಸ್ಟ್ ಅಮ್ಮ ಎಂದು ಹೆಸರು. ತಂಡದಲ್ಲಿದ್ದ ಒಬ್ಬನೇ ಕನ್ನಡಿಗ ವಿನೋದನ ಬಾಯಲ್ಲಿ ಅದು ಹೊಸ್ತಮ್ಮ ಆಗಿತ್ತು. ಮೆಕ್ಸಿಕೊದಿಂದ ಡೆನ್ಮಾರ್ಕಿನ ತನಕ ಹೊಸ್ತಮ್ಮಂದಿರ ಕೈಯಡುಗೆ ಉಂಡು ಅವನು ದುಂಡಗಾಗಿದ್ದ. ಹಳೆಯ ಅಮ್ಮನನ್ನು ಕಣ್ಣಾರೆ ಕಂಡು ಮಾತ್ರ ಒಂದೂವರೆ ವರ್ಷವಾಗಿತ್ತು.

ಆ ಹಳೆಯ ಅಮ್ಮ, ಭಟ್ಕಳದ ಬಳಿಯ ತೆಂಗಿನಗುಂಡಿಯ ದೇವಿ, ಸಭಾಭವನದ ಮೂರನೇ ಸಾಲಿನಲ್ಲಿ ಕೂತಿದ್ದಳು. ತಲೆತುಂಬ ಭಟ್ಕಳ ಮಲ್ಲಿಗೆ, ಮೈಮೇಲೆ ಮದುವೆಮನೆಗಷ್ಟೇ ಉಡುವ ಹಸಿರು ಸೀರೆ. ಮೀನು ಮಾರ್ಕೆಟ್ಟಿಗೆ ಆ ದಿನ ರಜೆ ಹಾಕಿ ಬಂದಿದ್ದಳು. ವಿನೋದ ವೇದಿಕೆಯ ಬದಿಯಿಂದ ಅವಳನ್ನು ಕಂಡವನೇ ತನ್ನ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡುಬಿಟ್ಟ. ಅಮ್ಮ ತನ್ನನ್ನು ನೋಡಲು ಬಂದಿದ್ದಾಳೆ, ಹೇಗಾದರೂ ಮಾಡಿ ಕರೆದುಕೊಂಡು ಹೋಗುತ್ತಾಳೆ ಎಂದುಕೊಂಡ.

ಮೈಕಿನಲ್ಲಿ ಹೆಸರು ಕೂಗುತ್ತಿದ್ದವರು ಆ ಕಾಲೇಜಿನ ಉಪನ್ಯಾಸಕಿ ಶ್ರೀಗೌರಿ. ಹೊನ್ನಾವರದ ಆಚೀಚೆ ಭಟ್ಕಳದಿಂದ ಕುಮಟೆಯವರೆಗೆ ಮನೆಗಳನ್ನು ಹುಡುಕಿದವರು ಅವರೇ.

"ದೇವಿ ಮೊಗೇರ, ತೆಂಗಿನಗುಂಡಿ" ಎಂದರು ಶ್ರೀಗೌರಿ. ದೇವಿ ಸೆರಗು ಸರಿಮಾಡಿಕೊಂಡು ಎದ್ದಳು. "ಇವರ ಮನೆಗೆ ಮಾತೆಯೊ, ಮೆಕ್ಸಿಕೊ."

ಜೊಂಪೆ ಕೂದಲಿನ ಉದ್ದನೆಯ ಹುಡುಗನೊಬ್ಬ ಬಂದು ಬಗ್ಗಿ ದೇವಿಯ ಕಾಲು ಮುಟ್ಟಿದ. ಕಾಲು ಮುಟ್ಟುವುದನ್ನು ಅವನಿಗೆ ಕಲಿಸಿದವನು ವಿನೋದನೇ. ದೇವಿ ಅವನ ತಲೆಯ ಮೇಲಿಂದ ಮಗನನ್ನೇ ನೋಡುತ್ತಿದ್ದಳು.

"ಎಂತ ಇದು? ನಾ ಹೇಳಿದ್ದು ಇವನ್ನಲ್ಲ" ಎಂದಳು, ವಿನೋದ ಹತ್ತಿರ ಬಂದ ಮೇಲೆ.

"ಮತ್ಯಾರನ್ನ ಅಮ್ಮಾ?"

"ಟೀಚರು ಫೋನಲ್ಲಿ ಕೇಳ್ದ್ರು, ಗಂಡಾ ಹೆಣ್ಣಾ ಅಂತ. ಗಂಡು ಅಂದೆ. ಮೀನು ತಿಂಬವ್ರು ಆಗುದಾ ಅಂದ್ರು. ತಿಂಬವನೇ ಅಂದೆ. ಫ್ಯಾನ್ ಇದ್ಯಾ ಅಂದ್ರು. ಜೋರಾಗಿ ತಿರುಗ್ತದೆ, ಅವಂಗೆ ಜೋರೇ ಬೇಕು ಅಂದೆ. ಇನ್ನೆಂತ ಹೇಳ್ಬೇಕಿತ್ತು ನಾನು? ಹೆಸ್ರು ಅವ್ರು ಕೇಳ್ಲೇ ಇಲ್ಲ."

ಹೋಸ್ಟ್ ಮನೆಯೆಂದು ಹೆಸರು ಕೊಟ್ಟರೆ ಅವರವರ ಮಗನನ್ನು ಅವರವರ ಮನೆಗೆ ಕಳಿಸುತ್ತಾರೆಂದು ದೇವಿ ತಿಳಿದಿದ್ದಳು. ಕೋಣೆಗೆ ಸುಣ್ಣ ಬಳಿಸಿದ್ದಳು. ಗಂಡ ಬೋಟಿನ ಮೇಲೆ ಹೋದವನು ಬರುವುದು ತಡ, ಅಷ್ಟರೊಳಗೆ ಮಗ ಬರುತ್ತಾನೆ ಎಂದು ಕೇರಿಗೆಲ್ಲ ಹೇಳಿದ್ದಳು.

ವಿನೋದ ತಂಡದ ಮುಖ್ಯಸ್ಥೆ ಇಂಗ್ರಿಡಳ ಬಳಿ ಹೋಗಿ ಕೇಳಿದ. ಅವಳು ಕನಿಕರದಿಂದಲೇ ತಲೆಯಾಡಿಸಿದಳು. "ನಿಯಮ ನಿನಗೆ ಗೊತ್ತಿದೆ. ತನ್ನ ಊರಿನಲ್ಲಿ ಯಾರೂ ತನ್ನ ಮನೆಯಲ್ಲಿ ಮಲಗುವುದಿಲ್ಲ. ಮಲಗಿದವರು ಮರುದಿನ ಬಸ್ಸಿಗೆ ಬರಲಿಲ್ಲ, ಅದಕ್ಕೇ ಈ ನಿಯಮ. ಗೋವೆಯಿಂದ ಮುಂದೆ ಇನ್ನೂ ಎಂಟು ತಿಂಗಳ ಪ್ರಯಾಣವಿದೆ."

ವಿನೋದ ಮರಳಿ ಬರುವಷ್ಟರಲ್ಲಿ ದೇವಿ ಮೆಕ್ಸಿಕೊದ ಹುಡುಗನ ಬ್ಯಾಗಿಗೆ ಕೈ ಹಾಕಿಯಾಗಿತ್ತು. ಬಂದ ಅತಿಥಿಯ ಮೋರೆ ಸಣ್ಣದಾದದ್ದನ್ನು ಅವಳು ಗಮನಿಸಿದ್ದಳು.

"ಹೆಸ್ರೆಂತ ಅಂದೆ ಮಗಾ?"

"ಮಾತೆಯೊ."

"ನಂಗೆ ನಾಲಿಗೆ ತಿರುಗುದಿಲ್ಲ. ಮಾಸ್ತಿ ಅಂತ ಕರೀತೆ. ನನ್ನಣ್ಣನ ಹೆಸ್ರು. ಬಾ."

ಹೀಗೆ ಮಾತೆಯೊನಿಗೆ ಮಾತೆ ಸಿಕ್ಕಳು. ವಿನೋದನ ಪಾಲಿಗೆ ವಿನೋದವಷ್ಟೇ ಉಳಿಯಿತು.

ಅವನನ್ನು ಕರೆದೊಯ್ದದ್ದು ಕರ್ಕಿಯವರು: ಬ್ಯಾಂಕಿನಿಂದ ನಿವೃತ್ತರಾದ ತ್ರ್ಯಂಬಕ ಹೆಗಡೆ, ಅವರ ಹೆಂಡತಿ ಶ್ರೀಮತಿ, ಕಾಲೇಜಿಗೆ ಹೋಗುವ ಮಗಳು ವಿಭಾ. ಕಾರಿನಲ್ಲಿ ಕೂತ ಮೇಲೆ ಶ್ರೀಮತಿ ಹಿಂದಕ್ಕೆ ತಿರುಗಿ ನೋಡಿದರು.

"ಬೇಜಾರ್ ಮಾಡ್ಕ್ಯಳಡ ಮಾಣಿ. ಫಾರಿನ್ನಿನವು ಬತ್ತ ಹೇಳಿ ವಿಭಾ ಎರಡು ದಿನದಿಂದ ಕನ್ನಡಿ ಮುಂದೆ ಇಂಗ್ಲೀಷು ಮಾತಾಡ್ತಾ ಇದ್ದು. ಬಂದದ್ದು ನೋಡಿರೆ ಭಟ್ಕಳ."

"ನಾನು ಬೇಕಾದ್ರೆ ಇಂಗ್ಲೀಷಲ್ಲೇ ಉಣ್ತೆ" ಎಂದ ವಿನೋದ. ವಿಭಾ ನಕ್ಕಳು. ಅಲ್ಲಿಗೆ ಗುರುತಾಯಿತು.

ಒಳ್ಳೆಯ ಮನೆ. ತಂಬುಳಿ, ಅಪ್ಪೆಹುಳಿ, ಮೇಲಿಂದ ಮೇಲೆ ಬಡಿಸುವ ಕೈ. "ಮೀನೊಂದು ಇಲ್ಲೆ. ಅದು ಬಿಟ್ಟು ಎಂತ ಬೇಕಾರೂ ಕೇಳು" ಎಂದಿದ್ದರು ಶ್ರೀಮತಿ. ತ್ರ್ಯಂಬಕ ಹೆಗಡೆಯವರು ಹಿಂದೆ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರು ಕೌರವನ ದನಿಯಲ್ಲಿ ಉಪ್ಪಿನಕಾಯಿ ಕೇಳಿದರೆ ವಿನೋದ ಅದೇ ದನಿಯಲ್ಲಿ ಇಲ್ಲವೆನ್ನುತ್ತಿದ್ದ. ಎರಡೇ ದಿನದಲ್ಲಿ ಹೆಗಡೆಯವರ ಕೆಮ್ಮು, ಶ್ರೀಮತಿಯ "ಇಲ್ಲೆ", ಅವರ ಮನೆ ಗೇಟಿನ ಕಿರುಗುಟ್ಟುವಿಕೆ ಮೂರೂ ಅವನ ಗಂಟಲಿಗೆ ಬಂದು ಕೂತವು.

ಅದೇ ಅವನ ಕಸುಬು. ತಂಡದ ಆಟದಲ್ಲಿ ಅವನದೊಂದು ತುಣುಕು ಇರುತ್ತಿತ್ತು. ಊಟಕ್ಕೆ ಕರೆಯುವ ಅಮ್ಮಂದಿರು. ಉಳಿದುಬಂದ ಪ್ರತಿ ಊರಿನ ಹೊಸ್ತಮ್ಮ ಮಕ್ಕಳನ್ನು ಉಣ್ಣಲು ಹೇಗೆ ಕೂಗುತ್ತಾಳೆ ಎಂಬುದನ್ನು ಅವನು ವೇದಿಕೆಯ ಮೇಲೆ ಒಬ್ಬನೇ ಮಾಡಿ ತೋರಿಸುತ್ತಿದ್ದ. ಡೆನ್ಮಾರ್ಕಿನವಳು ಪಿಸುಗುಟ್ಟುತ್ತಾಳೆ. ಮೆಕ್ಸಿಕೊದವಳು ಬೀದಿಗೆ ಬಂದು ಬೆದರಿಸುತ್ತಾಳೆ. ಭಾಷೆ ತಿಳಿಯದ ಊರಿನಲ್ಲೂ ಜನ ನಗುತ್ತಿದ್ದರು. ಆ ಸಾಲಿನಲ್ಲಿ ದೇವಿ ಮಾತ್ರ ಇರಲಿಲ್ಲ. ಒಮ್ಮೆ ಪರವೂರಿನ ಬಚ್ಚಲಿನಲ್ಲಿ ಒಬ್ಬನೇ ಪ್ರಯತ್ನಿಸಿದ್ದ. ಮೊದಲ ಅಕ್ಷರದಾಚೆ ಹೋಗಲಾಗಲಿಲ್ಲ. ನಲ್ಲಿ ಜೋರಾಗಿ ಬಿಟ್ಟುಕೊಂಡು ಮುಖ ತೊಳೆದು ಹೊರಬಂದಿದ್ದ.

ಮೂರನೇ ದಿನದ ಸೇವೆ ತೆಂಗಿನಗುಂಡಿಯ ದಂಡೆಯಲ್ಲಿ. ಹರಿದು ಮರಳಲ್ಲಿ ಹೂತ ಬಲೆಗಳನ್ನು ಎಳೆದು ತೆಗೆಯುವ ಕೆಲಸ. ಇಡೀ ತಂಡ ಕಡಲಿಗೆ ಮುಖ ಮಾಡಿ ಬಗ್ಗಿದ್ದರೆ ವಿನೋದ ಮತ್ತೆ ಮತ್ತೆ ಹಿಂದಕ್ಕೆ ನೋಡುತ್ತಿದ್ದ. ಗಾಳಿಮರಗಳ ಸಂದಿಯಲ್ಲಿ ಅವನ ಮನೆಯ ಹೆಂಚು ಕಾಣುತ್ತಿತ್ತು. ಅಂಗಳದ ಹಗ್ಗದಲ್ಲಿ ಮಾತೆಯೊನ ಹಳದಿ ಅಂಗಿ ಒಣಗುತ್ತಿತ್ತು.

"ಕೈ ಕೊಯ್ಕಂತೆ ಮಾರಾಯ. ಬಲೆ ಅಂದ್ರೆ ಎಂತ ಹೂಮಾಲೆ ಮಾಡಿದ್ಯಾ?"

ವಿನೋದ ಥಟ್ಟನೆ ತಿರುಗಿದ. ಅಮ್ಮ ಇರಲಿಲ್ಲ. ಅಲ್ಲಿ ನಿಂತವನು ಮಾತೆಯೊ. "ಮಾರಾಯ" ಎಂದ ಮೇಲೆ ದೇವಿ ಎಳೆದುಕೊಳ್ಳುವ ಸಣ್ಣ ಉಸಿರು ಕೂಡ ಅದರಲ್ಲಿತ್ತು.

"ಯಾರು ಕಲಿಸಿದರು ನಿನಗೆ?"

"ಯಾರೂ ಇಲ್ಲ. ದಿನವೂ ಬೈಸಿಕೊಳ್ಳುತ್ತೇನೆ" ಎಂದ ಮಾತೆಯೊ ಇಂಗ್ಲೀಷಿನಲ್ಲಿ, ಹೆಮ್ಮೆಯಿಂದ. "ನಿನ್ನ ವಿದ್ಯೆ ಅಷ್ಟು ಕಷ್ಟದ್ದಲ್ಲ."

ವಿನೋದ ನಕ್ಕು, ಬಲೆಯ ತುದಿಯನ್ನು ಇನ್ನಷ್ಟು ಜೋರಾಗಿ ಎಳೆದ. ತನಗೆ ಒಂದೂವರೆ ವರ್ಷದಿಂದ ಬಾರದ ದನಿ ಇವನಿಗೆ ಮೂರು ದಿನದ ಬೈಗುಳದಲ್ಲಿ ಬಂದಿತ್ತು.

ಮಧ್ಯಾಹ್ನ ದೇವಿ ಟಿಫಿನ್ ಕ್ಯಾರಿಯರ್ ಹಿಡಿದು ದಂಡೆಗೆ ಬಂದಳು. ಹೋಸ್ಟ್ ಮನೆಯವರು ತಮ್ಮ ತಮ್ಮ ಮಕ್ಕಳಿಗೆ ಊಟ ತರುವ ಪದ್ಧತಿ. ಮುಚ್ಚಳ ತೆಗೆದಾಗ ತಾರ್ಲೆ ಮೀನಿನ ಸಾರಿನ ಪರಿಮಳ ಗಾಳಿಯಲ್ಲಿ ನೆಟ್ಟಗೆ ವಿನೋದನ ಕಡೆಗೇ ಬಂತು. ಅವನ ಕೈಯಲ್ಲಿದ್ದುದು ಶ್ರೀಮತಿ ಕಟ್ಟಿಕೊಟ್ಟ ಬಾಳೆಲೆಯ ಚಿತ್ರಾನ್ನ.

"ನೀ ಅವ್ರದ್ದು ತಿನ್ನು" ಎಂದಳು ದೇವಿ. "ಕಟ್ಟಿ ಕಳ್ಸಿದವ್ರು ಬೇಜಾರ್ ಮಾಡ್ಕಂತ್ರು."

"ಒಂದು ತಾರ್ಲೆ ಹಾಕು ಅಮ್ಮಾ. ಯಾರೂ ನೋಡುದಿಲ್ಲ."

ದೇವಿ ಅತ್ತಿತ್ತ ನೋಡಿ ಎರಡು ಹಾಕಿದಳು. ಅವನು ಮುಳ್ಳು ಸಮೇತ ನುಂಗುವವನಂತೆ ತಿಂದ. ಬೆರಳು ನೆಕ್ಕಿಕೊಂಡು ಕೇಳಿದ:

"ಒಂದೈದು ನಿಮಿಷ ಮನೆಗೆ ಬರ್ಲಾ? ಮಲಗೂಕೆ ಮಾತ್ರ ಬೇಡ ಅಂದದ್ದು ಅವ್ರು. ಒಳಗೆ ಕೂತು ನೀರು ಕುಡ್ದು ಬತ್ತೆ."

ದೇವಿ ಕ್ಯಾರಿಯರಿನ ಬಟ್ಟಲುಗಳನ್ನು ಒಂದರ ಮೇಲೊಂದು ಸೇರಿಸಿದಳು. ಕೊಂಡಿ ಬೀಳಲಿಲ್ಲ. ಮತ್ತೆ ಬಿಚ್ಚಿ ಸೇರಿಸಿದಳು.

"ಬೇಡ."

"ಯಾಕೆ?"

"ನೀ ನೀರು ಕುಡೀತೆ. ಆಮೇಲೆ ಚಾಪೆ ಮೇಲೆ ಕಾಲು ಚಾಚ್ತೆ. ನಾ ಫ್ಯಾನ್ ಹಾಕ್ತೆ. ಮತ್ತೆ ಎಬ್ಸೂಕೆ ಯಾರ್ ಬತ್ರು?"

ಅವಳು ಮರಳಲ್ಲಿ ಹೆಜ್ಜೆ ಹಾಕುತ್ತ ಮನೆಯ ಕಡೆ ಹೋದಳು. ಕರೆದರೂ ತಿರುಗಲಿಲ್ಲ. ಹೆಂಚಿನ ಕೆಳಗೆ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿದಂತೆ ಅವನಿಗೆ ಅನಿಸಿತು. ಕೇಳುವಷ್ಟು ಹತ್ತಿರವೇನೂ ಇರಲಿಲ್ಲ.

ಉಳಿದ ದಿನಗಳು ಧಾರೇಶ್ವರದ ಅಂಗನವಾಡಿಗೆ ಬಣ್ಣ ಬಳಿಯುವುದರಲ್ಲಿ ಕಳೆದವು. ವಿನೋದ ಗೋಡೆಯ ಮೇಲೆ ಮೀನು ಬರೆದ. ಮಕ್ಕಳು ಅದಕ್ಕೆ ಕಾಲು ಬರೆದರು.

ಕೊನೆಯ ಸಂಜೆ ಕುಮಟೆಯಲ್ಲಿ ಆಟ. ಮೈದಾನದಲ್ಲಿ ಹಾಕಿದ ಕುರ್ಚಿಗಳಲ್ಲಿ ಮುಂದಿನ ಸಾಲುಗಳು ಹೋಸ್ಟ್ ಮನೆಯವರಿಗೆ ಮೀಸಲು. ಹೆಗಡೆಯವರ ಪಕ್ಕದಲ್ಲೇ ದೇವಿ, ಅದೇ ಹಸಿರು ಸೀರೆ. ವಿನೋದನ ತುಣುಕು ಬಂತು. ಡೆನ್ಮಾರ್ಕು ಪಿಸುಗುಟ್ಟಿತು, ಮೆಕ್ಸಿಕೊ ಬೀದಿಗಿಳಿಯಿತು. ಆಮೇಲೆ ಶ್ರೀಮತಿ: "ಮಾಣಿ, ಬಾರ, ಅಪ್ಪೆಹುಳಿ ತಣಿತು. ಇಲ್ಲೆ ಅಂದ್ರೆ ಕೇಳ್ತ್ನಿಲ್ಲೆ." ಕುಮಟೆಯ ಮೈದಾನ ಬಿದ್ದು ನಕ್ಕಿತು. ವಿಭಾ ಅಮ್ಮನ ಭುಜಕ್ಕೆ ತಲೆ ಆನಿಸಿ ನಕ್ಕಳು.

ಅಲ್ಲಿಗೆ ಮುಗಿಯಬೇಕಿತ್ತು. ವಾದ್ಯದವರು ಮುಂದಿನ ಹಾಡಿಗೆ ಸಿದ್ಧರಾಗಿದ್ದರು. ವಿನೋದ ಕೈಯೆತ್ತಿ ಅವರನ್ನು ನಿಲ್ಲಿಸಿದ. ಮೈಕು ಬಿಟ್ಟು ವೇದಿಕೆಯ ಅಂಚಿಗೆ ಬಂದ. ದಂಡೆಯಲ್ಲಿ ಆಡುವ ಮಕ್ಕಳನ್ನು ಹುಡುಕುವವಳಂತೆ ಹಣೆಗೆ ಕೈ ಅಡ್ಡ ಹಿಡಿದ.

"ವಿನೋದಾ... ಕತ್ತಲಾತು. ಉಂಬೂಕೆ ಬಾರಾ..."

ಈ ಸಲ ಮೊದಲ ಅಕ್ಷರ ದಾಟಿತು. ಕಡಲ ಸದ್ದನ್ನು ಮೀರಿಸಲು ಅವಳು ಕೊನೆಯಲ್ಲಿ ಏರಿಸುವ ಎಳೆತವೂ ಸರಿಯಾಗಿ ಬಂತು. ಜನ ನಗಲು ಕಾದರು. ನಗೆಯ ಮಾತು ಬರಲಿಲ್ಲ. ಅವನು ಎರಡನೇ ಸಲ ಕೂಗಿದ.

"ವಿನೋದಾ..."

ಆಗ ಮುಂದಿನ ಸಾಲಿನಿಂದ, ಆಟ ಬಿಟ್ಟುಬರಲು ಮನಸ್ಸಿಲ್ಲದ ಏಳೆಂಟು ವರ್ಷದ ಹುಡುಗನೊಬ್ಬನ ದನಿ ಮೂಗಿನಲ್ಲಿ ರಾಗವೆಳೆಯಿತು:

"ಬಂದೇ ಅಮ್ಮಾ..."

ದೇವಿ. ಕೂತಲ್ಲೇ ಕೂತು, ತುಟಿಯನ್ನು ಸೆರಗಿನಿಂದ ಅರ್ಧ ಮುಚ್ಚಿಕೊಂಡು ಹೇಳಿದ್ದಳು. ಅದು ಅವನದೇ ದನಿ, ಬಂದೆ ಎನ್ನುತ್ತ ಬಾರದೆ ಉಳಿಯುತ್ತಿದ್ದ ಕಾಲದ್ದು. ಇದೂ ಆಟದ ಭಾಗವೆಂದುಕೊಂಡು ಮೈದಾನವೆಲ್ಲ ಚಪ್ಪಾಳೆ ಹೊಡೆಯಿತು. ತನ್ನ ವಿದ್ಯೆ ಯಾರಿಂದ ಬಂದದ್ದೆಂದು ವಿನೋದನಿಗೆ ಅವತ್ತು ಗೊತ್ತಾಯಿತು. ಮುಂದಿನ ಹಾಡಿನಲ್ಲಿ ಅವನು ಹೆಜ್ಜೆ ತಪ್ಪಿದ್ದನ್ನು ಇಂಗ್ರಿಡ್ ನೋಡಿಯೂ ನೋಡದಂತಿದ್ದಳು.

ಆಟ ಮುಗಿದು ಎಲ್ಲರೂ ತಮ್ಮ ತಮ್ಮ ಅತಿಥಿಗಳನ್ನು ಕೊನೆಯ ಸಲಕ್ಕೆ ಕರೆದೊಯ್ಯಲು ನಿಂತಿದ್ದರು. ಬೆಳಿಗ್ಗೆ ಬಸ್ಸು ಕುಮಟೆಯಿಂದಲೇ ಗೋವೆಗೆ ಹೊರಡುವುದಿತ್ತು. ಶ್ರೀಮತಿ ದೇವಿಯ ಕೈ ಹಿಡಿದುಕೊಂಡರು.

"ದೇವಿ, ಈ ಒಂದು ರಾತ್ರಿ ಅದಲುಬದಲು ಮಾಡನ. ಮೆಕ್ಸಿಕೊ ನಮ್ಮನೆಗೆ ಬರ್ಲಿ, ವಿಭಾ ಕಲ್ತ ಇಂಗ್ಲೀಷು ದಂಡ ಆಪ್ದು ಬೇಡ. ನಿನ್ನ ಮಾಣಿ ನಿನ್ನ ಮನೆಗೆ ಹೋಗ್ಲಿ. ನಾ ಟೀಚರ ಹತ್ರ ಕೇಳಿದ್ದಿ, ಅವು ಆ ಮೇಡಂ ಹತ್ರ ಮಾತಾಡಿದ್ದ. ಇಬ್ರೂ ಆತು ಅಂದ."

ವಿನೋದನ ಕೈ ಬ್ಯಾಗಿನ ಪಟ್ಟಿಗೆ ಹೋಯಿತು. ದೇವಿ ಅದನ್ನು ನೋಡಿದಳು. ಮಗನ ಅಂಗಿಯ ಕಾಲರು ಮಡಚಿಕೊಂಡಿತ್ತು. ಅದನ್ನು ಬಿಡಿಸಿದಳು, ಬಿಡಿಸಿದ ಮೇಲೂ ಕೈ ತೆಗೆಯಲಿಲ್ಲ.

"ನಿಮ್ಮ ಮನಸ್ಸು ದೊಡ್ಡದು ಅಮ್ಮಾ" ಎಂದಳು ಶ್ರೀಮತಿಗೆ. "ಆದ್ರೆ ಬೇಡ. ಬೆಳಿಗ್ಗೆ ಬಸ್ಸಿಗೆ ಕರ್ಕಂಡು ಬರುದು ನಾನೇ ಅಲ್ದಾ. ನಾ ಏಳುದಿಲ್ಲ."

"ಹಾಂಗಾರೆ ನಾನೂ ಏಳುದಿಲ್ಲ" ಎಂದ ವಿನೋದ.

"ಅದೇ ಹೆದ್ರಿಕೆ." ಅವಳು ಕಾಲರು ಬಿಟ್ಟಳು. "ಲೋಕ ನೋಡಬೇಕು ಅಂತ ಹೋದವ ನೀನು, ನೋಡಿ ಮುಗ್ಸಿ ಬಾ. ಅರ್ಧಕ್ಕೆ ಕರ್ದ್ರೆ ನೀ ಯಾವಾಗ್ಲೂ ಬಂದೇ ಬಂದೇ ಅಂತೆ, ಬರುದಿಲ್ಲ. ಆಟ ಮುಗ್ದ ಮೇಲೆ ಕರೂದೇ ಬೇಡ, ನೀನಾಗೇ ಬತ್ತೆ." ಮಾತೆಯೊನ ಕಡೆ ತಿರುಗಿದಳು. "ಮಾಸ್ತಿ, ಎಂತ ನಿಂತದ್ದು? ಟೆಂಪೊ ಹೋಗ್ತದೆ."

ಕರ್ಕಿಯ ಕಾರು ಕೂಡ ದಕ್ಷಿಣಕ್ಕೇ ಹೊರಟದ್ದು. ಟೆಂಪೊದ ಕೆಂಪು ದೀಪ ಬಹಳ ದೂರದ ತನಕ ಅವರ ಮುಂದೆಯೇ ಹೋಗುತ್ತಿತ್ತು. ಕರ್ಕಿಯ ತಿರುವಿನಲ್ಲಿ ಕಾರು ಒಳಗೆ ಹೊರಳಿತು, ಟೆಂಪೊ ನೆಟ್ಟಗೆ ಹೋಯಿತು. ಹೆಗಡೆಯವರು ಕೆಮ್ಮಿದರು. ವಿನೋದ ಅದನ್ನು ಅನುಕರಿಸಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಮಾತೆಯೊ ಬಂದು ಅವನ ಪಕ್ಕದಲ್ಲೇ ಕೂತ. ದೇವಿ ಅವನನ್ನು ಟೆಂಪೊ ಹತ್ತಿಸಿ ತೆಂಗಿನಗುಂಡಿಯಿಂದಲೇ ಕಳಿಸಿಕೊಟ್ಟಿದ್ದಳು. ಅವನ ಕೊರಳಲ್ಲಿ ಬಾಡಿದ ಮಲ್ಲಿಗೆ ದಂಡೆ ಇತ್ತು. ಬಸ್ಸು ಅಘನಾಶಿನಿಯ ಸೇತುವೆ ಏರಿತು.

"ರಾತ್ರಿ ನಿನ್ನಮ್ಮ ಫ್ಯಾನ್ ಕಡಿಮೆ ಮಾಡಲು ಬಂದಳು" ಎಂದ ಮಾತೆಯೊ ಮೆಲ್ಲಗೆ. "ನಾನು ನಿದ್ದೆ ಹೋಗಿದ್ದೇನೆಂದು ತಿಳಿದಿರಬೇಕು. ಬಾಗಿಲಲ್ಲಿ ನಿಂತು 'ವಿನೋದಾ' ಎಂದಳು."

ವಿನೋದ ಕಿಟಕಿಯಿಂದ ಮುಖ ತಿರುಗಿಸಿದ. "ನೀನು ಏನು ಮಾಡಿದೆ?"

"ಹ್ಞಾಂ ಎಂದೆ. ನಿನ್ನ ಹಾಗೆ. ತಪ್ಪಾಯಿತೇ?"

"ಹೇಗಂದೆ? ಹೇಳು."

ಮಾತೆಯೊ ಹೇಳಿ ತೋರಿಸಿದ. ಚೆನ್ನಾಗಿಯೇ ಇತ್ತು. ನಿದ್ದೆಯ ತೂಕ ಕೂಡ ಅದರಲ್ಲಿತ್ತು.

"ಸರಿಯಿದೆ" ಎಂದ ವಿನೋದ. ಕೆಳಗೆ ಹೊಳೆಯಲ್ಲಿ ಒಂದು ದೋಣಿ ನಿಂತಂತೆ ಕಾಣುತ್ತ ಸಾಗುತ್ತಿತ್ತು. "ಒಂದೇ ತಪ್ಪು. ಮೊದಲನೇ ಕೂಗಿಗೆ ನಾನು ಯಾವತ್ತೂ ಹ್ಞಾಂ ಅಂದವನಲ್ಲ. ಅವಳಿಗೆ ಅಲ್ಲೇ ಗೊತ್ತಾಗಿರುತ್ತದೆ."

"ಗೊತ್ತಾಗಿತ್ತೋ ಏನೋ" ಎಂದ ಮಾತೆಯೊ. "ಆದರೂ ಇನ್ನೊಮ್ಮೆ ಕರೆದಳು."