ರಜಾಯಿಗಳ ಅಡಿಯಲ್ಲಿದ್ದ ಪೆಟ್ಟಿಗೆ

ರಾಜಲಕ್ಷ್ಮಿ ಹೆಂಚಿನ ಮೇಲಿನ ಹೋಳಿಗೆ ಮಗುಚುತ್ತಿದ್ದರು. ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ಆ ಬಾಡಿಗೆ ಫ್ಲ್ಯಾಟಿನಿಂದ ತುಪ್ಪದ ವಾಸನೆ ಮೆಟ್ಟಿಲವರೆಗೂ ಹರಡಿತ್ತು. ರಾಜಲಕ್ಷ್ಮಿಯ ಮಗಳು ಚಾರ್ವಿಯನ್ನು ಹೆಣ್ಣು ನೋಡಲು ದೂರದ ಲುಲೆಯೊ ಊರಿನಿಂದ ಲೀಲಾವತಿ ತಮ್ಮ ಮಗ ಕರಣ್‌ನೊಂದಿಗೆ ಬಂದು, ಈ ವಾರವೆಲ್ಲ ಇಲ್ಲೇ ಉಳಿದಿದ್ದರು. ಅವರಿಗೆ ಚಾರ್ವಿಯ ಕೋಣೆ ಕೊಟ್ಟಾಗಿತ್ತು. ಚಾರ್ವಿ ಹಾಲಿನ ಸೋಫಾ ಮೇಲೆ ಮಲಗುತ್ತಿದ್ದಳು. ಕರಣ್ ಮತ್ತು ರಾಜಲಕ್ಷ್ಮಿಯ ಗಂಡ ಕೆರೆಯ ಕಡೆ ಹೋಗಿದ್ದರು; ಲೀಲಾವತಿ ಹಾಲಿನಲ್ಲಿ ಕೂತಿದ್ದರು.

ಚಾರ್ವಿ ಫೋನ್ ಹಿಡಿದು ಅಡುಗೆಮನೆಗೆ ಬಂದಳು.

"ಅಮ್ಮ, ಆಸ್ಪತ್ರೆ ನರ್ಸ್ ಫೋನ್ ಮಾಡಿದ್ರು. ನನ್ನ ಬಾಕ್ಸಿಂದ ಎಷ್ಟೋ ದಿನದಿಂದ ಸಿಗ್ನಲ್ಲೇ ಬಂದಿಲ್ವಂತೆ. ಸೋಫಾ ಹಿಂದೆ ಪ್ಲಗ್ ಹಾಕಿದೀನಿ ಅಂದಿದ್ಯಲ್ಲ?"

"ಮೆಲ್ಲಗೆ ಮಾತಾಡು. ಅವರಿಗೆ ಕೇಳಿಸುತ್ತೆ."

"ಎಲ್ಲಿದೆ?"

ರಾಜಲಕ್ಷ್ಮಿ ಹೆಂಚಿನಿಂದ ಕಣ್ಣೆತ್ತಲಿಲ್ಲ. "ಬೀರುವಿನಲ್ಲಿ. ರಜಾಯಿ ಕೆಳಗೆ."

ಚಳಿಗಾಲದಲ್ಲಿ ಚಾರ್ವಿ ಮೆಟ್ರೋ ನಿಲ್ದಾಣದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಕಾರಣ ಹುಡುಕಲು ವೈದ್ಯರು ಅವಳ ಎದೆಯ ಚರ್ಮದಡಿ ಪೆನ್ನಿನ ಮುಚ್ಚಳದಷ್ಟು ಚಿಕ್ಕ ಸಾಧನವೊಂದನ್ನು ಇಟ್ಟಿದ್ದರು. ಅದು ಹೃದಯದ ಬಡಿತವನ್ನು ಬರೆದಿಟ್ಟುಕೊಳ್ಳುತ್ತಿತ್ತು. ಹಾಸಿಗೆಯ ಪಕ್ಕದ ಪೆಟ್ಟಿಗೆ ಅವಳು ನಿದ್ದೆಯಲ್ಲಿರುವಾಗ ಅದನ್ನೆಲ್ಲ ಆಸ್ಪತ್ರೆಗೆ ಕಳಿಸುತ್ತಿತ್ತು. ಪರಿಚಯದ ಕನ್ನಡದವರಿಗೆಲ್ಲ ರಾಜಲಕ್ಷ್ಮಿ ಹೇಳಿದ್ದು ಒಂದೇ ಮಾತು: ಐಸ್ ಮೇಲೆ ಜಾರಿ ಬಿದ್ದಳು.

"ನನಗೆ ಸುಳ್ಳು ಹೇಳಿದ್ಯಾ?"

"ಮತ್ತೇನು ಮಾಡಲಿ? ಎದೇಲಿ ಮಷೀನಿದೆ ಅಂತ ಡಂಗುರ ಹೊಡೀಲಾ? ನಾಳೆ ಎಲ್ಲರ ಬಾಯಲ್ಲೂ ನೀನೇ ಇರ್ತೀಯ. ಮದುವೆ ಆಗಲಿ, ಆಮೇಲೆ ನಿಧಾನವಾಗಿ ಹೇಳೋಣ ಅಂತಿದ್ದೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ."

"ನನ್ನ ಹಾರ್ಟ್ ನಿಂತರೂ ಯಾರಿಗೂ ಗೊತ್ತಾಗಬಾರದು. ಅದು ನನ್ನ ಒಳ್ಳೇದಾ?"

"ಬಿಡ್ತು ಅನ್ನು."

"ನಾನು ಯಾಕೆ ಅನ್ನಲಿ? ವೈರ್ ಕಿತ್ತಿದ್ದು ನೀನು."

ಚಾರ್ವಿ ಬೀರು ತೆಗೆದಳು. ರಜಾಯಿಗಳನ್ನು ಒಂದೊಂದಾಗಿ ನೆಲಕ್ಕೆ ಎಸೆದಳು. ಹಳೆಯ ದುಪ್ಪಟ್ಟಾದಲ್ಲಿ ಸುತ್ತಿಟ್ಟಿದ್ದ ಪೆಟ್ಟಿಗೆ ಸಿಕ್ಕಿತು. ಅದನ್ನು ಹಾಲಿಗೆ ತಂದು, ಲೀಲಾವತಿಯವರ ಕಾಲ ಬಳಿಯಿದ್ದ ಪ್ಲಗ್ಗಿಗೆ ಸಿಕ್ಕಿಸಿ, ನರ್ಸ್ ಹೇಳಿದ್ದ ಗುಂಡಿ ಒತ್ತಿದಳು.

"ಏನಮ್ಮ, ವೈಫೈ ಹೋಯ್ತಾ?" ಲೀಲಾವತಿ ಕೇಳಿದರು.

"ಹೂಂ, ಇಂಟರ್‌ನೆಟ್ಟಿಂದು," ಬಾಗಿಲಲ್ಲಿ ನಿಂತ ರಾಜಲಕ್ಷ್ಮಿ ಥಟ್ಟನೆ ಅಂದರು.

"ಅಲ್ಲ ಆಂಟಿ. ನನ್ನ ಹಾರ್ಟಿಂದು."

ಚಾರ್ವಿ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಲೀಲಾವತಿಯವರ ಮುಖ ಬಿಗಿಯಾಯಿತು. ಹೋಳಿಗೆಯ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಮೊದಲೇ ಹೇಳಿದ್ರೆ ನಾವು ಬರ್ತಿದ್ವಾ ಅಂತ ಕೇಳಿದ್ರೆ, ಗೊತ್ತಿಲ್ಲ ರಾಜಲಕ್ಷ್ಮಿಯವರೇ. ನಾನೇನೂ ಅಷ್ಟು ದೊಡ್ಡ ಮನಸ್ಸಿನವಳಲ್ಲ. ಆದ್ರೆ ಇಷ್ಟು ದಿನ ಈ ಹುಡುಗಿ ಮಂಚದ ಮೇಲೆ ನಾನು ಹಾಯಾಗಿ ಮಲಗಿದ್ದೆ. ನನ್ನ ಕಣ್ಣಿಗೆ ಬೀಳಬಾರದು ಅಂತ ಅವಳ ಮಷೀನು ಬೀರುವಿನಲ್ಲಿತ್ತು. ಅವಳಿಗೇನಾದ್ರೂ ಆಗಿದ್ರೆ ನನ್ನನ್ನೂ ಅದರಲ್ಲಿ ಪಾಲುದಾರಳನ್ನಾಗಿ ಮಾಡ್ತಿದ್ರಲ್ಲ. ಯಾವ ಹಕ್ಕಿತ್ತು ನಿಮಗೆ?"

"ಹೆಣ್ಣು ಹೆತ್ತವರ ಕಷ್ಟ ನಿಮಗೆ ಹೇಗೆ ಗೊತ್ತಾಗಬೇಕು?" ರಾಜಲಕ್ಷ್ಮಿಯ ದನಿಯೂ ಏರಿತು. "ನೋಡೋಕೆ ಬಂದವರು ಮೊದಲು ಕೇಳೋದೇ ಆರೋಗ್ಯ ಹೇಗಿದೆ ಅಂತ. ನೀವೂ ಫೋನಲ್ಲಿ ಅದನ್ನೇ ಕೇಳಿದ್ರಿ."

ಲೀಲಾವತಿ ಹಾಗೆ ಕೇಳಿದ್ದು ನಿಜವಾಗಿತ್ತು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್ ಬಂತು. ಚಾರ್ವಿ ಸ್ಪೀಕರ್ ಹಾಕಿ ಟೀಪಾಯಿ ಮೇಲಿಟ್ಟಳು. ಸಂಜೆ ತರಗತಿಯಲ್ಲಿ ಕಷ್ಟಪಟ್ಟು ಸ್ವೀಡಿಷ್ ಕಲಿತಿದ್ದ ರಾಜಲಕ್ಷ್ಮಿಗೆ ಆ ದಿನ ಒಂದು ಪದವೂ ಅರ್ಥವಾಗದೆ ಹೋಗಲಿಲ್ಲ. ಮೊನ್ನೆ ನಿದ್ದೆಯಲ್ಲಿ ನಿಮ್ಮ ಹೃದಯ ಕೆಲವು ಸೆಕೆಂಡು ನಿಂತಿತ್ತು, ನರ್ಸ್ ಹೇಳಿದಳು. ನಿನ್ನೆ ಇನ್ನೊಮ್ಮೆ, ಇನ್ನೂ ಹೆಚ್ಚು ಹೊತ್ತು. ಪೆಟ್ಟಿಗೆ ಚಾಲೂ ಇದ್ದಿದ್ದರೆ ಮೊನ್ನೆಯೇ ಕರೆಯುತ್ತಿದ್ದೆವು. ಈಗಲೇ ಟ್ಯಾಕ್ಸಿಯಲ್ಲಿ ಬನ್ನಿ, ಒಬ್ಬರೇ ಬರಬೇಡಿ, ಪೇಸ್‌ಮೇಕರ್ ಬೇಕಾಗಬಹುದು. ಪೆಟ್ಟಿಗೆಯನ್ನೂ ತನ್ನಿ.

ಮೊನ್ನೆ ರಾತ್ರಿ ಆ ಸೋಫಾ ಪಕ್ಕದಲ್ಲೇ ರಾಜಲಕ್ಷ್ಮಿ ನೀರು ಕುಡಿಯಲು ಹಾದು ಹೋಗಿದ್ದರು. ಮಗಳು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದರು.

ಲೀಲಾವತಿ ಎದ್ದು ಹೋಗಿ ಒಲೆ ಆರಿಸಿದರು. "ಹೊರಡಿ. ಮನೆ ನಾನು ನೋಡ್ಕೋತೀನಿ. ಗಂಡಸರಿಗೆ ಫೋನ್ ಮಾಡ್ತೀನಿ." ಮದುವೆಯ ಮಾತು ಯಾರೂ ಎತ್ತಲಿಲ್ಲ.

ಟ್ಯಾಕ್ಸಿಯಲ್ಲಿ ಚಾರ್ವಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ತಾಯಿ ಹೆಗಲ ಮೇಲಿಟ್ಟ ಕೈಯನ್ನು ಕೊಡವಿದಳು. ಅಷ್ಟರಲ್ಲಿ ರಾಜಲಕ್ಷ್ಮಿಯ ಫೋನ್ ಬಡಿದುಕೊಂಡಿತು. ಕನ್ನಡ ಕೂಟದ ನೈನಾ.

"ಅಕ್ಕ, ನಾಳೆ ಯುಗಾದಿ ಊಟಕ್ಕೆ ಕೋಸಂಬರಿ ನಿಮ್ಮದೇ ಅಲ್ವಾ?"

"ಬರೋಕಾಗಲ್ಲ ನೈನಾ."

"ಯಾಕಕ್ಕ? ನೆಗಡಿನಾ?"

ಹೂಂ ಎನ್ನುವುದು ಸುಲಭವಾಗಿತ್ತು. ಮಾತು ನಾಲಿಗೆಯ ತುದಿವರೆಗೂ ಬಂದಿತ್ತು.

"ಚಾರ್ವಿಗೆ ಹಾರ್ಟ್ ತೊಂದರೆ. ಆಸ್ಪತ್ರೆಗೆ ಹೋಗ್ತಿದೀವಿ. ಚಳಿಗಾಲದಲ್ಲಿ ಅವಳು ಐಸ್ ಮೇಲೆ ಜಾರಿ ಬಿದ್ದಿದ್ದಲ್ಲ. ನಾನು ಸುಳ್ಳು ಹೇಳಿದ್ದೆ." ಮತ್ತೆ ಅಂದರು, "ನಾಳೆ ಯಾರಾದ್ರೂ ಕೇಳಿದ್ರೆ ಹೀಗೇ ಹೇಳು. ಕಡಿಮೆ ಮಾಡಿ ಹೇಳಬೇಡ."

ಚಾರ್ವಿ ತಿರುಗಲಿಲ್ಲ. ಅವಳ ಕೋಪ ಇಳಿದಿರಲಿಲ್ಲ, ಅಷ್ಟು ಬೇಗ ಇಳಿಯುವಂಥದ್ದೂ ಆಗಿರಲಿಲ್ಲ. ಸೇತುವೆ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ, ಪೆಟ್ಟಿಗೆಯನ್ನು ತಾಯಿಯ ಮಡಿಲಿಗೆ ಇಟ್ಟಳು.

"ಸರಿಯಾಗಿ ಹಿಡ್ಕೋ. ವೈರ್ ಕೆಳಗೆ ಜೋತು ಬಿದ್ದಿದೆ."