ಮೂವತ್ತೊಂದು ಪೆಟ್ಟಿಗೆ ಟೊಮೆಟೊ

ದೇಜಪ್ಪನ ಲಾರಿ ಹತ್ತಿದ ಟೊಮೆಟೊ ಎಂಟು ದಿನ ಗಡಿಯಲ್ಲಿ ಬಿಸಿಲು ಕಾದು ಒಂಬತ್ತನೆಯ ದಿನ ದುಬೈಯಲ್ಲಿ ಇಳಿದಾಗ, ಗಿಡದಲ್ಲಿದ್ದುದಕ್ಕಿಂತ ತಾಜಾ ಆಗಿತ್ತು. ನಾಲ್ಕೈದು ಪೆಟ್ಟಿಗೆಗಳಲ್ಲಿ ಹೊಸದಾಗಿ ಹೂವೂ ಬಿಟ್ಟಿತ್ತು. ಬಿಸಿಲೆಂದರೆ ಅಂತಿಂಥದ್ದಲ್ಲ. ಚೆಕ್‌ಪೋಸ್ಟಿನ ಕಬ್ಬಿಣದ ಗೇಟು ಮೇಣದಂತೆ ಬಾಗಿತ್ತು, ಲಾರಿಯಡಿಯ ನೆರಳಿಗಾಗಿ ಒಂಟೆಗಳು ಹೊಡೆದಾಡುತ್ತಿದ್ದವು. ದೇಜಪ್ಪನ ಟೊಮೆಟೊ ಮಾತ್ರ ಬೆವರಲಿಲ್ಲ.

ಇದನ್ನು ಹೇಳುತ್ತಿದ್ದವನು ಸ್ವತಃ ದೇಜಪ್ಪನೇ. ೧೯೯೧ರ ಜೂನ್ ತಿಂಗಳ ಒಂದು ಬೆಳಿಗ್ಗೆ, ದುಬೈ ಗಡಿಯ ಈಚೆ, ಬರ್ಕಾ ಎಂಬ ಊರಿನ ತರಕಾರಿ ಶೆಡ್ಡಿನ ಮುಂದೆ. ಈ ಕಥೆ ಅವನ ಬಾಯಲ್ಲಿ ಏಳನೆಯ ಸಲ ಓಡುತ್ತಿತ್ತು, ಪ್ರತಿ ಸಲವೂ ಒಂದೊಂದು ದಿನ ಉದ್ದವಾಗುತ್ತಿತ್ತು.

ಅವತ್ತು ಅವನು ಹೆಚ್ಚೇ ಬಿಗಿದು ಹೇಳಲು ಕಾರಣವಿತ್ತು. ಶೆಡ್ಡಿನ ಮುಂದೆ ಹೊಸ ಚಿಲ್ಲರ್ ಲಾರಿ ನಿಂತಿತ್ತು. ಬೆಳ್ಳಗೆ, ಹಿಂದಿನ ಬಾಗಿಲು ತೆರೆದರೆ ಮುಖಕ್ಕೆ ತಂಪು ರಾಚುವಂಥದ್ದು. ಬರ್ಕಾಕ್ಕೆ ಮೊದಲನೆಯದು, ದೇಜಪ್ಪನ ಪ್ರಕಾರ ಇಡೀ ಅರಬಸ್ಥಾನಕ್ಕೇ ಮೊದಲನೆಯದು. ಹತ್ತು ವರ್ಷ ಟರ್ಪಾಲು ಕಟ್ಟಿ ಬರ್ಕಾದ ತರಕಾರಿಯನ್ನು ದುಬೈಗೆ ಮುಟ್ಟಿಸಿದವನಿಗೆ ಅದರ ಸ್ಟೇರಿಂಗು ಸಿಗದಿದ್ದರೆ ಊರಿಗೆ ಹೋಗಿ ಮುಖ ತೋರಿಸುವುದು ಹೇಗೆ? ಕಾರ್ಕಳದ ಮನೆಗೆ ಆಗಲೇ ಕಾಗದ ಬರೆದೂ ಆಗಿತ್ತು: ಲಾರಿ ನನ್ನದೇ, ಒಳಗೆ ಹಿಮ ಬೀಳುತ್ತದೆ.

ಕೀ ಇದ್ದದ್ದು ಸಾರಿಗೆ ನೋಡಿಕೊಳ್ಳುವ ಉಮರಬ್ಬನ ಜೇಬಿನಲ್ಲಿ. ಕಫೀಲ್, ಅಂದರೆ ಅರಬ್ಬಿ ಧಣಿ, ಎಲ್ಲವನ್ನೂ ಅವನಿಗೇ ಬಿಟ್ಟಿದ್ದ. ಬಂಟ್ವಾಳದ ಬ್ಯಾರಿ, ಮಾತು ಕಡಿಮೆ.

"ದೇಜಪ್ಪ, ಒಂದೂ ಹಾಳಾಗ್ಲಿಲ್ವಾ?"

"ಒಂದೂ ಇಲ್ಲ ಉಮರಬ್ಬಾಕ! ದೇವರಾಣೆ."

"ದೇವರನ್ನು ಲಾರಿಗೆ ಹತ್ತಿಸ್ಬೇಡಿ ದೇಜಪ್ಪಣ್ಣ, ಓವರ್‌ಲೋಡ್ ಆಗ್ತದೆ," ಎಂದ ಸ್ಟ್ಯಾನ್ಲಿ. ಅವನೂ ಡ್ರೈವರ್, ಉಡುಪಿ ಕಡೆಯವನು. ಕೀ ದೇಜಪ್ಪನಿಗೆ ಸಿಗದಿದ್ದರೆ ಸಿಗುವುದು ಅವನಿಗೇ.

ಉಮರಬ್ಬ ನಗಲಿಲ್ಲ. "ಈದ್ ಸಮಯದ ಆ ಲೋಡಿನಲ್ಲಿ ಮೂವತ್ತೊಂದು ಬಾಕ್ಸ್ ಕಡಿಮೆ ಮುಟ್ಟಿತು ಅಂತ ದುಬೈಯವರು ಫೋನ್ ಮಾಡಿದ್ರಲ್ಲ ಮಾರಾಯ. ಹಾಳಾಗದಿದ್ರೆ ಎಲ್ಲಿ ಹೋಯ್ತು?"

"ಹೇಳಿದ್ದೇನಲ್ಲ! ದಾರಿಯಲ್ಲಿ ಒಬ್ಬ ಶೇಖ್. ಹನ್ನೆರಡು ಕಾರು ಹಿಂದೆ ಮುಂದೆ. ನನ್ನ ಟೊಮೆಟೊದ ಬಣ್ಣ ನೋಡಿ ಇಳಿದು ಬಂದು ಕೈ ಮುಗಿದ. ಪಾಪ, ಕೊಟ್ಟೆ."

"ಕೊಟ್ಟೆಯೋ, ಮಾರಿದೆಯೋ?"

ಎರಡು ತಿಂಗಳಿನಿಂದ ಉಮರಬ್ಬ ತನ್ನನ್ನು ಕಳ್ಳನೆಂದು ತಿಳಿದಿದ್ದಾನೆ ಎಂಬುದು ದೇಜಪ್ಪನಿಗೆ ಹೊಳೆದದ್ದೇ ಆಗ. ನಿಜ ಹೇಳಿದರೆ ಕಳಂಕ ಹೋಗುತ್ತಿತ್ತು. ಆದರೆ ನಿಜ ಹೇಳುವುದೆಂದರೆ ದೇಜಪ್ಪನ ಲಾರಿಯಲ್ಲಿ ಟೊಮೆಟೊ ಕೊಳೆಯಿತೆಂದು ಒಪ್ಪುವುದು. ಅದೂ ಸ್ಟ್ಯಾನ್ಲಿಯ ಎದುರು! ಕಳ್ಳನೆನಿಸಿಕೊಳ್ಳುವುದೇ ವಾಸಿಯೇನೋ ಎಂದು ಅವನು ಒಂದು ಗಳಿಗೆ ಯೋಚಿಸಿದ್ದೂ ಉಂಟು.

"ಶೇಖೇ," ಎಂದ, ಮೆಲ್ಲಗೆ.

ಉಮರಬ್ಬ ಕೀ ತೆಗೆದು ಸ್ಟ್ಯಾನ್ಲಿಯ ಕಡೆ ಚಾಚಿದ.

ಅಷ್ಟರಲ್ಲಿ, ಆಚೆ ನೀರುಳ್ಳಿ ಆರಿಸುತ್ತಿದ್ದ ಶಾಹುಲ್ ಹಮೀದ್ ಎದ್ದು ಬಂದ. ಮಂಜೇಶ್ವರದವನು, ದುಬೈ ದಾರಿಯ ಗಡಿಯ ಹತ್ತಿರ ಅವನದೊಂದು ಸಣ್ಣ ಹೋಟೆಲು, ವಾರಕ್ಕೊಮ್ಮೆ ತರಕಾರಿಗೆ ಬರ್ಕಾಕ್ಕೆ ಬರುತ್ತಿದ್ದ.

"ಎಂತ ಶೇಖ್ ದೇಜಪ್ಪಣ್ಣ? ಆ ಟೊಮೆಟೊ ಬೇಯಿಸಿದ್ದು ನಾನಲ್ವಾ? ಉಮರಬ್ಬಾಕ, ಕೇಳಿ. ಈದ್ ರಜೆಗೆ ಲಾರಿ ಸಾಲು ಎರಡು ದಿನ ಅಲ್ಲಾಡ್ಲಿಲ್ಲ. ಉಳಿದ ಡ್ರೈವರುಗಳು ನನ್ನ ಹೋಟೆಲಿನಲ್ಲಿ ಮಲಗಿದ್ರು. ಈ ದೇಜಪ್ಪಣ್ಣ ಮಾತ್ರ ಟರ್ಪಾಲು ಎತ್ತಿ ಒಂದೊಂದೇ ಬಾಕ್ಸ್ ಇಳಿಸಿ, ಮೆತ್ತಗಾದದ್ದನ್ನು ಹೆಕ್ಕಿ ಹೆಕ್ಕಿ ಬೇರೆ ಇಟ್ಟ್ರು. ಕೊಳೆತದ್ದು ಮರಳಿಗೆ, ಅರ್ಧ ಒಳ್ಳೆಯದು ನನ್ನ ಪಾತ್ರೆಗೆ. ಇಡೀ ಸಾಲಿಗೇ ಊಟ! ಅದನ್ನು ತಿಂದ ಪಠಾಣ್ ಡ್ರೈವರುಗಳೇ ಗೇಟು ತೆರೆದಾಗ 'ಯಲ್ಲಾ, ನಡೀರಿ, ಮೊದಲು ಟೊಮೆಟೊ ಹೋಗ್ಲಿ' ಅಂತ ತಮ್ಮ ಗಾಡಿ ಬದಿಗೆ ತೆಗೆದ್ರು."

ಸ್ಟ್ಯಾನ್ಲಿ ಚಾಚಿದ್ದ ಕೈಯನ್ನು ತಾನಾಗಿಯೇ ಹಿಂದೆ ತೆಗೆದುಕೊಂಡ. "ಅಷ್ಟೂ ಬಾಕ್ಸ್ ಒಬ್ಬರೇ ಇಳಿಸಿದ್ರಾ?" ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಮಾರ್ಲಿಲ್ಲ ಅಂತ ಈಗ ಗೊತ್ತಾಯ್ತು. ಆದ್ರೂ ನನಗೆ ಹೆದರಿಕೆ ಯಾಕೆ ಗೊತ್ತುಂಟಾ?" ಎಂದ ಉಮರಬ್ಬ. "ಒಂದೂ ಹಾಳಾಗ್ಲಿಲ್ಲ ಅನ್ನುವವ ಟರ್ಪಾಲು ಎತ್ತಿ ನೋಡಿದವನೇ ಅಲ್ಲ. ಅಂಥವನಿಗೆ ಈ ಲಾರಿ ಹೇಗೆ ಕೊಡುವುದು? ಒಳಗೆ ಮೆಷಿನ್ ನಿಂತರೂ ಅವನಿಗೆ ಗೊತ್ತಾಗ್ಲಿಕ್ಕಿಲ್ಲ." ಕೀಯನ್ನು ದೇಜಪ್ಪನ ಮೂಗಿನ ಮುಂದೆ ಹಿಡಿದ. "ಇದು ನಿನಗೇ. ಆದ್ರೆ ನಿನ್ನ ಬಾಯಿಂದ ಕೇಳ್ಬೇಕು."

ದೇಜಪ್ಪ ಕೀಯನ್ನು ನೋಡಿದ, ಬೆಳ್ಳನೆಯ ಲಾರಿಯನ್ನು ನೋಡಿದ. ಎದೆ ಹತ್ತು ಅಂಗುಲ ಉಬ್ಬಿತು.

"ಶೇಖ್ ಇರ್ಲಿಲ್ಲ ಉಮರಬ್ಬಾಕ. ಎಂಟು ದಿನವೂ ಅಲ್ಲ, ಎರಡೇ. ಹೂ ಗೀ ಎಂತದೂ ಬಿಡ್ಲಿಲ್ಲ. ದಿನಕ್ಕೆ ಮೂರು ಸಲ ಎತ್ತಿ ನೋಡಿದೆ, ನೆರಳು ಸರಿದ ಹಾಗೆ ಬಾಕ್ಸ್ ಸರಿಸಿದೆ. ಆದ್ರೂ ಕೊಳೀತು. ನನ್ನ ಲಾರಿಯಲ್ಲೇ, ಮೂವತ್ತೊಂದು ಬಾಕ್ಸ್ ಕೊಳೀತು."