ಪಾಲಿಶ್ ಲೇಖನದಲ್ಲಿ ಬಿಟ್ಟ ಪ್ಯಾರಾ

ಪಾನನಿಷೇಧದ ದಿನಗಳು. ಕುರ್ಲಾದಲ್ಲಿ ಕಾರ್ಮಿಕರ ಸಾಲುಮನೆಗಳಾದ ಚಾಳುಗಳಲ್ಲಿ ಕೆಲವರು ಪಾಲಿಶ್ ಕುಡಿಯುತ್ತಿದ್ದರು. ಮರಕ್ಕೂ ಚರ್ಮಕ್ಕೂ ಹೊಳಪು ಕೊಡುವ ಆ ಸ್ಪಿರಿಟ್ಟು ಕುಡಿದವರ ಕಣ್ಣಿನ ಹೊಳಪು ಕಸಿಯುತ್ತಿತ್ತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ದಾನಪ್ಪ ಇದರ ಮೇಲೆ ಸಂಶೋಧನೆ ಮಾಡಿದ. ಕಳ್ಳಭಟ್ಟಿಯವರು ಒಂದು ಪುಡಿ ಹಾಕಿ ಪಾಲಿಶಿನ ವಾಸನೆ ತೆಗೆಯುತ್ತಾರೆ. ವಾಸನೆ ಹೋದರೂ ವಿಷ ಹೋಗುವುದಿಲ್ಲ ಎಂಬುದು ಅವನು ಕಂಡುಕೊಂಡ ಸಂಗತಿ. ಲೇಖನವನ್ನು ಆಂಟಾಪ್ ಹಿಲ್‌ನ ಒಂದು ಕನ್ನಡ ವಿಜ್ಞಾನ ಪತ್ರಿಕೆಗೆ ಕೊಟ್ಟ. ಸಂಪಾದಕಿ ಶೀಲಾವತಿ ಅದನ್ನು ಒಬ್ಬ ವೈದ್ಯರಿಗೂ ತೋರಿಸಿ, ಪುಡಿಯ ಹೆಸರು, ಅಳತೆ ಇರುವ ಪ್ಯಾರಾ ಬಿಡೋಣ, ಓದಿದವರು ಮಾಡಿ ನೋಡಿಯಾರು ಎಂದಳು. ದಾನಪ್ಪ ಒಪ್ಪಲಿಲ್ಲ. ವಿಧಾನ ಬಿಟ್ಟರೆ ಅದು ಸಂಶೋಧನೆಯಲ್ಲ, ಗಿಣಿಶಾಸ್ತ್ರ ಎಂದು ಅಣಕಿಸಿದ.

ಪತ್ರಿಕೆ ಚಾಳಿಗೆ ಬಂದರೆ ಒಬ್ಬರು ಓದುವುದು, ಉಳಿದವರು ಕೇಳುವುದು ವಾಡಿಕೆ. ಹಾಗಾದರೆ ನಿಮ್ಮ ಮನೆಯಲ್ಲೇ ಓದಿ ನೋಡೋಣ ಎಂದು ಶೀಲಾವತಿ ಭಾನುವಾರ ಕುರ್ಲಾದ ಅವನ ಚಾಳಿಗೆ ಬಂದಳು.

ದಾನಪ್ಪ ತನ್ನ ಪ್ರಿನ್ಸಿಪಾಲರ ದನಿ ಅನುಕರಿಸಿ ಓದತೊಡಗಿದ. ಅತ್ತಿಗೆ ಭಾಗವ್ವ ನಕ್ಕಳು. ಧಾರಾವಿಯ ಚರ್ಮದ ಕಾರ್ಖಾನೆಯಲ್ಲಿ ದುಡಿಯುವ ಅಣ್ಣ ಚಂದ್ರಾಮ, ಪಾಲಿಶಿನ ಚಟದವನು, ಗೋಡೆಗೊರಗಿ ತೂಕಡಿಸುತ್ತಿದ್ದ. ವಿಷದ ಮಾತಿಗೂ ಕುರುಡಿನ ಮಾತಿಗೂ ಕಣ್ಣು ತೆರೆಯಲಿಲ್ಲ. ಪುಡಿಯ ಪ್ಯಾರಾ ಬಂದಾಗ ಎದ್ದು ಕುಳಿತ.

"ತಮ್ಮಾ, ಅದಷ್ಟ ಇನ್ನೊಮ್ಮಿ ಓದು. ಪುಡಿ ಎಷ್ಟ ಹಾಕಬೇಕಂದಿ?"

ಓದು ನಿಂತಿತು. ಭಾಗವ್ವನ ಮುಖದಲ್ಲಿ ನಗು ಇರಲಿಲ್ಲ.

"ದಾನಪ್ಪ, ಈಗ ವಾಸನಿ ಹೊಡಿತೈತಂತ ಇವರು ಅರ್ಧಕ್ಕ ಬಿಡ್ತಾರ. ಆ ವಾಸನೀನೂ ನೀನ ತಗದ್ರ ನಾ ಇವರನ್ನ ಹ್ಯಾಂಗ ಉಳಿಸ್ಕೊಳ್ಳಲಿ?"

ಹಾಗಾದರೆ ಬೇರೆ ವಿಜ್ಞಾನಿಗಳು ಪರೀಕ್ಷಿಸಿ ನೋಡುವುದು ಹೇಗೆ ಎಂದು ದಾನಪ್ಪ ಮೆಲ್ಲಗೆ ಕೇಳಿದ.

"ಪೂರ್ತಿ ವಿಧಾನ ನಮ್ಮ ಹತ್ರ ಇರ್ತದೆ ಮಾರಾಯ್ರೇ," ಎಂದಳು ಶೀಲಾವತಿ. "ಯಾರು, ಯಾಕೆ ಅಂತ ತಿಳಿಸಿ ಕೇಳಿದ ಡಾಕ್ಟರಿಗೆ, ಲ್ಯಾಬಿನವರಿಗೆ ಕೊಡುವ. ಬಿಟ್ಟಿದ್ದೇವೆ ಅಂತ ಅಚ್ಚಲ್ಲೇ ಹೇಳುವ. ನೀವು ಕಂಡ ಸತ್ಯವನ್ನು ಮಾತ್ರ ಬಿಡುವುದಿಲ್ಲ."

ದಾನಪ್ಪ ತಾನೇ ಆ ಪ್ಯಾರಾ ಹೊಡೆದುಹಾಕಿದ. ವಾಸನೆ ಹೋದರೂ ವಿಷ ಹೋಗದು ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆದು ಅಣ್ಣನಿಗೆ ಓದಿ ಹೇಳಿದ.

"ಖರೇನ? ವಾಸನಿ ಹೋದ್ರ ವಿಷಾನೂ ಹೋತು ಅಂತ ತಿಳ್ಕೊಂಡಿದ್ದೆ," ಎಂದ ಚಂದ್ರಾಮ.

"ಖರೇ ಅಣ್ಣಾ. ನಾನ ಪರೀಕ್ಷಾ ಮಾಡೇನಿ."

ಚಟ ಬಿಡಿಸಿಕೊಳ್ಳಲು ಚಂದ್ರಾಮ ಭಾಗವ್ವನ ಜೊತೆ ಆಸ್ಪತ್ರೆಗೆ ಹೋಗಲು ಒಪ್ಪಿದ.

ಓದುಗರೇ, ಪತ್ರಿಕೆಯಲ್ಲಿ ‘ವಿಧಾನ ಬಿಡಲಾಗಿದೆ’ ಎಂದು ಕಂಡರೆ ಮುನಿಯಬೇಡಿ; ಯಾಕೆಂದು ಕೇಳಿ, ಉತ್ತರ ಪಡೆಯಿರಿ. ನೀವೇ ಬರೆಯುವವರಾದರೆ ಅಚ್ಚಿಗೆ ಕೊಡುವ ಮೊದಲು ಯೋಚಿಸಿ: ಇದನ್ನು ನಿಮ್ಮ ಮನೆಯವರೇ ಮಾಡಿ ನೋಡಿದರೆ?